ತನ್ನ ಮೇಲೆ ದೂರು ಬರೆಯಲು ಕಲಿಸಿದವಳು

"ಗುರುಗಳೇ, ಹನ್ನೊಂದು ವರ್ಷ ಮಕ್ಕಳ ಕಷ್ಟ ಕೇಳಿದವನ ಮೇಲೆಯೇ ಒಂದು ಮಗು ದೂರು ಕೊಟ್ಟರೆ, ಅವನು ತನ್ನ ಮಾನ ಉಳಿಸಿಕೊಳ್ಳಲು ಬಾಯಿ ಬಿಡುವುದು ತಪ್ಪೇ?"

ಕೇಳಿದವನು ಪಂಪಾಪತಿ. ಒಂದು ಶಾಲೆಯಲ್ಲಿ ಆಪ್ತಸಮಾಲೋಚಕ. ಮನೆಯಲ್ಲೂ ತರಗತಿಯಲ್ಲೂ ಆಡಲಾಗದ ಮಾತನ್ನು ಮಕ್ಕಳು ಬಂದು ಹೇಳಿಕೊಳ್ಳುವ ಕೋಣೆಯಲ್ಲಿ ಕೂರುವುದು ಅವನ ಕೆಲಸ. ಆ ಕೆಲಸ ಕಲಿಸಿದವರು ಇಂದುಧರ ಮೇಷ್ಟ್ರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅವನ ಮೇಲೆ ದೂರು ಬರೆದಿದ್ದ. ನಾನು ಅಳುತ್ತಾ ಹೇಳುವಾಗ ಸರ್ ಗಡಿಯಾರ ನೋಡುತ್ತಿದ್ದರು, ಕೊನೆಗೆ ನಕ್ಕರು ಎಂದು ಅದರಲ್ಲಿತ್ತು. ಪಂಪಾಪತಿ ಅದಕ್ಕೆ ನಾಲ್ಕು ಹಾಳೆ ಉತ್ತರ ಸಿದ್ಧಮಾಡಿದ್ದ. ಆ ಹುಡುಗ ಒಂದು ವರ್ಷದಿಂದ ಅವನ ಬಳಿ ಒಪ್ಪಿಕೊಂಡಿದ್ದ ತಪ್ಪುಗಳೆಲ್ಲ ಆ ಹಾಳೆಗಳಲ್ಲಿದ್ದವು. ಮರುದಿನ ಅದನ್ನು ವಿಚಾರಣಾ ಸಮಿತಿಗೆ ಕೊಡುವವನಿದ್ದ.

"ನಾಲ್ಕು ಹಾಳೆಯೇ! ಭಲೇ," ಎಂದರು ಮೇಷ್ಟ್ರು. "ನನ್ನ ಹತ್ತಿರ ಕಲಿಯುವಾಗ ಒಂದೂವರೆ ಪುಟಕ್ಕೇ ಕೈ ನೋವು ಅನ್ನುತ್ತಿದ್ದೆ. ತನ್ನ ಮಾನದ ವಿಷಯ ಬಂದರೆ ಎಲ್ಲರೂ ಪಂಡಿತರೇ."

"ತಮಾಷೆ ಮಾಡಬೇಡಿ ಗುರುಗಳೇ. ಊಟ ಸೇರುತ್ತಿಲ್ಲ ನನಗೆ."

"ಮುಖ ನೋಡಿದರೇ ಗೊತ್ತಾಗುತ್ತದೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ 'ಆದರೆ' ಅನ್ನಬಾರದು."

ಮೇಷ್ಟ್ರು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಶಾಲೆ. ಜೊತೆಗೊಂದು ಹಾಸ್ಟೆಲು. ಖೋ-ಖೋ ಆಟಕ್ಕೆ ಹೆಸರಾದ ಶಾಲೆ ಅದು. ಹೆಡ್‌ಮಾಸ್ಟರ ಕೋಣೆಗೆ ಹೋದರೆ ಕೂರಲು ಕುರ್ಚಿ ಸಿಗದಿದ್ದರೂ ನೋಡಲು ಆಟದಲ್ಲಿ ಗೆದ್ದ ಕಪ್ಪುಗಳಿಗೆ ಕೊರತೆಯಿಲ್ಲ. ಅಲ್ಲಿ ಒಬ್ಬ ಸಮಾಲೋಚಕಿ ಇದ್ದಳು. ಹೇಳಿಕೊಳ್ಳುವಂಥ ಮಾತುಗಾರ್ತಿಯಲ್ಲ. ನಗೆಹನಿ ಹೇಳಲು ಹೋಗಿ ಕೊನೆಯ ಸಾಲನ್ನು ಮರೆಯುತ್ತಿದ್ದಳು. ಆದರೆ ಅವಳದೊಂದು ಪದ್ಧತಿ ಇತ್ತು. ಅದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಹೊಸದಾಗಿ ಬಂದ ಮಗುವಿಗೆ ಮೊದಲು ಹೇಳುತ್ತಿದ್ದಳು: ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ. ಆಮೇಲೆ ಹೇಳುತ್ತಿದ್ದಳು: ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನಿಸಿದರೆ ಮಾತ್ರ ದಾಟುತ್ತದೆ, ಆಗಲೂ ಮೊದಲು ನಿನಗೆ ತಿಳಿಸಿಯೇ ಬೇರೆಯವರಿಗೆ ತಿಳಿಸುತ್ತೇನೆ. ಇಷ್ಟನ್ನು ನೀನೂ ಹೇಳುತ್ತೀಯೆ, ನಾನೂ ಹೇಳುತ್ತಿದ್ದೆ. ಅವಳು ಇಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಒಂದು ಬಿಳಿ ಹಾಳೆ ಕೊಟ್ಟು, "ಈಗ ನನ್ನ ಮೇಲೆ ಒಂದು ದೂರು ಬರಿ" ಎನ್ನುತ್ತಿದ್ದಳು.

ಮಕ್ಕಳಿಗೆ ನಗು. ಬಂದು ಹತ್ತು ನಿಮಿಷವಾಗಿಲ್ಲ, ಏನೆಂದು ಬರೆಯುವುದು? ಒಬ್ಬ, ಮಿಸ್ ಕೋಣೆಯ ಫ್ಯಾನು ಕಿರ್ರೆನ್ನುತ್ತದೆ ಎಂದು ಬರೆದ. ಒಬ್ಬಳು, ಮಿಸ್ ನನ್ನ ಹೆಸರನ್ನು ಎರಡು ಸಲ ತಪ್ಪು ಕರೆದರು ಎಂದು ಬರೆದಳು. ಅವಳು ಅದನ್ನು ತಿದ್ದಿಸುತ್ತಿದ್ದಳು. ಏನಾಯಿತು ಬರಿ. ಯಾವತ್ತು ಆಯಿತು ಬರಿ. ಯಾರು ಯಾರು ಇದ್ದರು ಬರಿ. ನಿನಗೆ ಏನು ಬೇಕು, ಅದನ್ನು ಕೊನೆಯಲ್ಲಿ ಬರಿ. ಆಮೇಲೆ ಮಗುವಿನ ಕೈ ಹಿಡಿದು ಕಚೇರಿಗೆ ನಡೆಸಿಕೊಂಡು ಹೋಗಿ ದೂರಿನ ರಿಜಿಸ್ಟರು ತೋರಿಸುತ್ತಿದ್ದಳು. ದೂರು ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಬೇಕು, ಕೊಡದಿದ್ದರೆ ಕೊಡುವ ತನಕ ಅಲ್ಲೇ ನಿಲ್ಲಬೇಕು, ಅಂತ ಗುಮಾಸ್ತನ ಎದುರೇ ಹೇಳುತ್ತಿದ್ದಳು. ಗುಮಾಸ್ತನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಪಾಪ.

ಸ್ಟಾಫ್ ರೂಮಿನಲ್ಲಿ ನಗೆಯೋ ನಗೆ. "ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ ನೋಡಿ" ಎಂದರು ಗಣಿತದ ಮೇಷ್ಟ್ರು. ಅವಳೂ ಜೊತೆಗೆ ನಗುತ್ತಿದ್ದಳು. ಪದ್ಧತಿಯನ್ನಂತೂ ಬಿಡಲಿಲ್ಲ.

ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಂದಳು. ಹಾಸ್ಟೆಲಿನ ಹುಡುಗಿ, ಖೋ-ಖೋ ತಂಡದಲ್ಲಿ ಎಲ್ಲರಿಗಿಂತ ಚುರುಕು ಓಟ. ಅವಳೂ ಮೊದಲ ದಿನ ಅಭ್ಯಾಸದ ದೂರು ಬರೆದು, ನಕ್ಕು, ಹರಿದುಹಾಕಿದ್ದವಳೇ. ಆಗಾಗ ಬರುತ್ತಿದ್ದಳು. ಈ ಸಲ ಬಂದವಳು, ಹದಿನೈದು ದಿನದಿಂದ ರಾತ್ರಿ ಊಟ ಮಾಡುತ್ತಿಲ್ಲ, ಎರಡು ಸಲ ತಲೆ ತಿರುಗಿ ಬಿದ್ದೆ ಎಂದಳು. ಯಾಕೆ ಎಂದರೆ ಹೇಳಲಿಲ್ಲ. ಯಾರಿಗೂ ಹೇಳಬೇಡಿ ಎಂದು ಮಾತ್ರ ಹೇಳಿ, ಗಂಟೆ ಹೊಡೆದದ್ದೇ ಎದ್ದು ಓಡಿದಳು.

ನಮ್ಮ ಕೆಲಸದ ಕಟ್ಟಳೆ ನಿನಗೆ ಗೊತ್ತು. ಮಗುವಿನ ಗುಟ್ಟು ಕಾಯಬೇಕು. ಮಗುವಿನ ಜೀವವನ್ನು ಅದಕ್ಕಿಂತ ಮೊದಲು ಕಾಯಬೇಕು. ಬೆಳೆಯುವ ಹುಡುಗಿ ಹದಿನೈದು ದಿನ ಊಟ ಬಿಟ್ಟು ಬಿದ್ದಿದ್ದಾಳೆ ಎಂದರೆ ಹೆತ್ತವರಿಗೆ ತಿಳಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ಹುಡುಗಿಗೆ ಹೇಳಬೇಕಿತ್ತು, ನೋಡಮ್ಮ, ಇದನ್ನು ನಾನು ನಿನ್ನ ಅಮ್ಮನಿಗೆ ಹೇಳುತ್ತೇನೆ, ಯಾಕೆಂದರೆ ಹೀಗೆ, ಅಂತ. ಹೇಳುತ್ತೇನೆಂದು ಬಾಯಾರೆ ಮಾತು ಕೊಟ್ಟಿದ್ದಳಲ್ಲ.

ಅವತ್ತು ಶನಿವಾರ. ಅರ್ಧ ದಿನದ ಶಾಲೆ. ಹುಡುಗಿ ಆಟದ ಮೈದಾನಕ್ಕೆ ಹೋಗಿಯಾಗಿತ್ತು. ಸಮಾಲೋಚಕಿ ಅವಳನ್ನು ಹುಡುಕಿಕೊಂಡು ಹೊರಟಳು. ಗೇಟಿನ ಹತ್ತಿರ ಬಂದರೆ ಅಲ್ಲಿ ಹುಡುಗಿಯ ತಾಯಿಯೇ ನಿಂತಿದ್ದಾಳೆ! ಮಗಳನ್ನು ನೋಡಿಹೋಗಲು ಬುತ್ತಿ ಕಟ್ಟಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದವಳು. ಸಮಾಲೋಚಕಿಗೆ ಅನಿಸಿತು, ತಾಯಿ ಕೈಗೇ ಸಿಕ್ಕಿದ್ದಾಳೆ, ಮತ್ತೆ ಬರುವುದು ಯಾವಾಗಲೋ, ಮೈದಾನ ನೂರು ಹೆಜ್ಜೆ ದೂರ, ಇವಳಿಗೆ ಈಗ ಹೇಳಿ ಹುಡುಗಿಗೆ ಆಮೇಲೆ ಹೇಳಿದರಾಯಿತು. ಹೇಳಿಬಿಟ್ಟಳು. ಇಂಥ ತಪ್ಪನ್ನು ಒಳ್ಳೆಯ ಸಮಾಲೋಚಕರು ಮಾತ್ರ ಮಾಡುತ್ತಾರೆ. ಕೆಟ್ಟವರು ಹೇಳುವುದೇ ಇಲ್ಲ.

ತಾಯಿಗೆ ಹೆದರಿಕೆಯಾಯಿತು. ನಮ್ಮ ತಾಯಂದಿರಿಗೆ ಹೆದರಿಕೆಯಾದರೆ ಅದು ಹೊರಗೆ ಬರುವುದು ಸಿಟ್ಟಾಗಿ. ಸೀದಾ ಮೈದಾನಕ್ಕೆ ಹೋಗಿ, "ಊಟ ಬಿಟ್ಟು ಸಾಯ್ತೀಯೇನೇ!" ಎಂದು ಕೂಗಿ, ಇಡೀ ತಂಡದ ಎದುರು, ತರಬೇತುದಾರನ ಎದುರು, ಮಗಳ ಕೆನ್ನೆಗೆ ಹೊಡೆದಳು. ಹಿಂದಿನಿಂದ ಸಮಾಲೋಚಕಿ ಓಡಿಬಂದು ತಲುಪುವಷ್ಟರಲ್ಲಿ ಏಟು ಬಿದ್ದಾಗಿತ್ತು. ಹುಡುಗಿ ಅಳಲಿಲ್ಲ. ಈಕೆಯ ಮುಖವನ್ನೇ ನೋಡುತ್ತಾ ನಿಂತಳು.

ಸೋಮವಾರ ರಿಜಿಸ್ಟರಿನಲ್ಲಿ ದೂರು ದಾಖಲಾಯಿತು. ಕಲಿಸಿದ ಹಾಗೆಯೇ ಬರೆದಿದ್ದಳು ಹುಡುಗಿ. ಏನಾಯಿತು, ಯಾವತ್ತು, ಯಾರು ಯಾರು ಇದ್ದರು. ಕೊನೆಯಲ್ಲಿ, ನನಗೆ ಬೇಕಾದದ್ದು: ಮಿಸ್ ಮಾಡಿದ್ದು ತಪ್ಪು ಅಂತ ದೊಡ್ಡವರು ಹೇಳಬೇಕು. ಸ್ವೀಕೃತಿ ಚೀಟಿಯನ್ನು ನಿಂತು ಇಸಿದುಕೊಂಡೇ ಹೋದಳಂತೆ.

ಅದರ ಪ್ರತಿ ಸಮಾಲೋಚಕಿಯ ಕೈಗೆ ಬಂತು. ಅವಳದು ಗುತ್ತಿಗೆಯ ಕೆಲಸ, ಪ್ರತಿ ಜೂನ್‌ನಲ್ಲಿ ಮರುನೇಮಕ ಆಗಬೇಕು. ದೂರು ನಿಜವೆಂದು ತೀರ್ಮಾನವಾದರೆ ಜೂನ್‌ನಲ್ಲಿ ಮನೆಗೆ. ಅವಳು ಹೋದರೆ ಆ ಕೋಣೆಗೆ ಬೀಗ. ಬೇರೆ ಯಾರನ್ನೂ ನೇಮಿಸುವ ಉತ್ಸಾಹ ಆ ಶಾಲೆಗೆ ಇರಲಿಲ್ಲ.

ಹೆಡ್‌ಮಾಸ್ಟರು ಕರೆಸಿದರು. ಕೆಟ್ಟವರೇನಲ್ಲ. ಶಾಲೆಯ ಹೆಸರು ಕೆಡಬಾರದು ಅನ್ನುವುದೊಂದೇ ಅವರ ಜಪ.

"ಅಲ್ಲಮ್ಮ, ಆ ಹುಡುಗಿ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ತಾನೇ ಹಾಕಿದ್ದಳು ಅಂತ ಗುಸುಗುಸು ಇತ್ತು. ನಿಮ್ಮ ಹತ್ತಿರ ಒಪ್ಪಿಕೊಂಡಿರಬೇಕಲ್ಲ? ಒಂದು ಸಾಲು ಬರೆದುಕೊಡಿ ಸಾಕು. ಸುಳ್ಳು ಹೇಳೋ ಹುಡುಗಿ ಅಂತಾಗುತ್ತೆ, ದೂರು ಅಲ್ಲಿಗೇ ಬಿದ್ದುಹೋಗುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಅವಳು ಏನು ಒಪ್ಪಿಕೊಂಡಿದ್ದಾಳೆ, ಏನಿಲ್ಲ ಅನ್ನೋದನ್ನ ಹೇಳುವ ಅಧಿಕಾರ ನನಗಿಲ್ಲ ಸರ್."

"ಹಾಗಾದರೆ ಜೂನ್‌ನಲ್ಲಿ ನನ್ನನ್ನು ಕೇಳಬೇಡಿ."

"ಕೇಳಲ್ಲ ಸರ್. ಈಗ ಕೇಳೋದು ಇಷ್ಟೇ. ವಿಚಾರಣೆ ಮುಗಿಯೋವರೆಗೆ ನಾನು ಅವಳ ಹತ್ತಿರ ಮಾತಾಡುವ ಹಾಗಿಲ್ಲ. ಅವಳಿಗೆ ಇವತ್ತೇ ಬೇರೆ ಸಮಾಲೋಚಕರನ್ನ ಗೊತ್ತುಮಾಡಿ. ಊಟದ ವಿಷಯ ಕಾಯುವಂಥದ್ದಲ್ಲ."

ಅವಳು ಒಪ್ಪಿಕೊಂಡಿದ್ದಳು ಪಂಪಾಪತಿ. ಆ ಸಹಿ ತನ್ನದೇ ಎಂದು ಹುಡುಗಿ ಹಿಂದಿನ ವರ್ಷವೇ ಅತ್ತು ಹೇಳಿದ್ದಳು. ಈಕೆಯ ಪುಸ್ತಕದಲ್ಲಿ ಅದು ಬರೆದೂ ಇತ್ತು. ಕೆಲಸ ಉಳಿಸುವ ಸಾಲು, ಬೀಗ ಹಾಕಿದ ಕಪಾಟಿನಲ್ಲಿ, ಕೈಗೆಟುಕುವ ದೂರದಲ್ಲಿ. ಅವಳು ಬೀಗ ತೆಗೆಯಲಿಲ್ಲ. ನೆನೆದರೆ ಈಗಲೂ ನನಗೆ ಕೈ ಮುಗಿಯಬೇಕು ಅನಿಸುತ್ತದೆ.

"ಆದರೆ ಗುರುಗಳೇ—" ಎಂದ ಪಂಪಾಪತಿ.

"ಆದರೆ ಅನ್ನಬಾರದು ಎಂದಿದ್ದೆನಲ್ಲ," ಎಂದು ಮೇಷ್ಟ್ರು ಮುಂದುವರಿಸಿದರು.

ಪಕ್ಕದ ಊರಿನ ಶಾಲೆಯ ಸಮಾಲೋಚಕಿ ವಾರಕ್ಕೆರಡು ದಿನ ಬರತೊಡಗಿದಳು. ಹುಡುಗಿ ಅವಳ ಎದುರು ಕೂತು ಕಿಟಕಿ ನೋಡುತ್ತಿದ್ದಳು, ಬಾಯಿ ಬಿಡಲಿಲ್ಲ. ಆದರೆ ಊಟ ಮಾಡಿದಳೋ ಇಲ್ಲವೋ ಎಂದು ಬಂದಾಗಲೆಲ್ಲ ವಿಚಾರಿಸುವವರೊಬ್ಬರು ಆದರು. ವೈದ್ಯರು ನೋಡಿ, ಎರಡು ವಾರ ಓಡಕೂಡದು ಎಂದರು. ನಮ್ಮ ಸಮಾಲೋಚಕಿ ಮಾತ್ರ ಹುಡುಗಿ ಬರುವ ದಾರಿಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ಕುಡಿಯುವ ನೀರಿನ ನಲ್ಲಿಯ ಬಳಿ ಇಬ್ಬರೂ ಎದುರಾದರು. ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಈಕೆ ಬೇಡವೆಂದು ತಲೆಯಾಡಿಸಿ, ನೀರು ತುಂಬಿಸದೆ ಹಿಂದಕ್ಕೆ ಹೋದಳು. ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಕಟ್ಟಳೆ ಪಾಲಿಸುವವರಿಗೆ ಕರುಳಿಲ್ಲ ಎಂದು ಯಾರಾದರೂ ಹೇಳಿದರೆ ಈ ನಲ್ಲಿಯ ಮಾತು ಹೇಳು.

ಮೂರು ವಾರಕ್ಕೆ ವಿಚಾರಣೆ. ಸಮಿತಿಗಳನ್ನು ನಾನು ಬಹಳ ನೋಡಿದ್ದೇನೆ. ಬಿಸ್ಕತ್ತು ಮೊದಲು, ವಿಷಯ ಆಮೇಲೆ, ತೀರ್ಮಾನ ಮುಂದಿನ ಸಭೆಗೆ. ಇದು ಹಾಗಿರಲಿಲ್ಲ. ಶಾಲೆಗೆ ಸೇರದ ಮೂವರು ಕೂತಿದ್ದರು. ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ, ಒಬ್ಬ ವಕೀಲೆ, ಒಬ್ಬ ವೈದ್ಯ. ಹುಡುಗಿ ಜೊತೆಗೆ ಗೆಳತಿಯೊಬ್ಬಳನ್ನು ಕರೆತರಬಹುದು ಎಂದರು. ಕರೆತಂದಳು. ಮೊದಲು ಹುಡುಗಿಯ ಮಾತನ್ನು ಪೂರ್ತಿ ಕೇಳಿದರು, ಯಾರೂ ಮಧ್ಯೆ ಬಾಯಿ ಹಾಕಲಿಲ್ಲ.

ಸಮಾಲೋಚಕಿಯ ಉತ್ತರ ಅರ್ಧ ಪುಟ. ಎದ್ದು ನಿಂತು ಓದಿದಳು. "ದೂರು ನಿಜ. ಅವಳು ಹೇಳಿದ ಒಂದು ವಿಷಯವನ್ನು ಅವಳ ತಾಯಿಗೆ ಹೇಳಿದೆ. ಹೇಳುವುದು ನನ್ನ ಕರ್ತವ್ಯವಾಗಿತ್ತು, ನಾಳೆ ಇಂಥದೇ ಬಂದರೆ ಮತ್ತೆ ಹೇಳುತ್ತೇನೆ. ಆದರೆ ಮೊದಲು ಅವಳಿಗೆ ತಿಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ತಿಳಿಸಲಿಲ್ಲ. ಅವಸರಪಟ್ಟೆ. ಅದರಿಂದ ಅವಳಿಗೆ ಎಲ್ಲರೆದುರು ಏಟು ಬಿತ್ತು. ಅದು ನನ್ನ ತಪ್ಪು."

ಹುಡುಗಿಯ ನಡತೆಯ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ವೈದ್ಯರು ಕೇಳಿದರು. ಹೆಡ್‌ಮಾಸ್ಟರು ಕುರ್ಚಿಯ ತುದಿಗೆ ಬಂದರು.

"ಇಲ್ಲ," ಎಂದಳು. ಅಷ್ಟೇ.

ಸಮಿತಿ ತೀರ್ಮಾನ ಬರೆಯಿತು. ತಾಯಿಗೆ ತಿಳಿಸಿದ್ದು ಸರಿ. ಹುಡುಗಿಗೆ ಮೊದಲು ತಿಳಿಸದೇ ಇದ್ದದ್ದು ತಪ್ಪು. ಆರು ತಿಂಗಳು ಹಿರಿಯ ಸಮಾಲೋಚಕರೊಬ್ಬರ ಉಸ್ತುವಾರಿಯಲ್ಲಿ ಕೆಲಸ ಮಾಡಬೇಕು, ಹುಡುಗಿಯಲ್ಲಿ ಕ್ಷಮೆ ಕೇಳಬೇಕು, ಇದು ಅವಳ ಸೇವಾ ದಾಖಲೆಗೆ ಸೇರಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ. ಅವಳು ಅಲ್ಲೇ, ಹದಿಮೂರು ವರ್ಷದ ಹುಡುಗಿಯ ಎದುರು ನಿಂತು, ತಪ್ಪಾಯಿತು ಎಂದಳು. ತೀರ್ಮಾನದ ಒಂದು ಪ್ರತಿಯನ್ನು ಹುಡುಗಿಯ ಕೈಗೂ ಕೊಟ್ಟರು. ಅವಳು ಅದನ್ನು ಎರಡು ಸಲ ಓದಿದಳು. ಯಾರೂ ಅವಳನ್ನು ಬೈಯಲಿಲ್ಲ. ತಂಡದಿಂದ ತೆಗೆಯಲಿಲ್ಲ. ಹಾಸ್ಟೆಲಿನಿಂದ ಕಳಿಸಲಿಲ್ಲ.

ಸ್ಟಾಫ್ ರೂಮಿನಲ್ಲಿ ಈ ಸಲ ನಗೆಯಿರಲಿಲ್ಲ. ಅಯ್ಯೋ ಪಾಪ ಎಂದರು. ಹಾವಿಗೆ ಹಾಲೆರೆದಳು ಎಂದರು. ಅವಳು ಸುಮ್ಮನೆ ತನ್ನ ಕೋಣೆಗೆ ಹೋಗಿ ಕೂತಳು. ಮುಂದಿನ ಮಗು ಬಂದಾಗ ಬಿಳಿ ಹಾಳೆ ತೆಗೆದುಕೊಟ್ಟು, ನನ್ನ ಮೇಲೆ ಒಂದು ದೂರು ಬರಿ ಎಂದಳು. ಎಂಥ ಎದೆಗಾರಿಕೆ ನೋಡು! ನನಗಾಗಿದ್ದರೆ ಆ ಹಾಳೆ ಮುಟ್ಟಲು ಕೈ ಬರುತ್ತಿರಲಿಲ್ಲ.

ಎಂಟು ದಿನ ಕಳೆಯಿತು. ಹುಡುಗಿ ಮತ್ತೆ ಕಚೇರಿಗೆ ಬಂದಳು. ಇನ್ನೊಂದು ದೂರು. ಈ ಸಲ ಐದು ಹುಡುಗಿಯರ ಸಹಿ. ದೂರು ತರಬೇತುದಾರನ ಮೇಲೆ. ಪ್ರತಿ ಶುಕ್ರವಾರ ಅವನು ಹುಡುಗಿಯರನ್ನು ತೂಕಕ್ಕೆ ನಿಲ್ಲಿಸುತ್ತಿದ್ದ. ಹಿಂದಿನ ವಾರಕ್ಕಿಂತ ಚೂರು ಹೆಚ್ಚು ತೂಗಿದವರಿಗೆ ಆ ವಾರವೆಲ್ಲ ರಾತ್ರಿ ಊಟವಿಲ್ಲ. ಹೊರಗೆ ಬಾಯಿ ಬಿಟ್ಟವರಿಗೆ ತಂಡದಲ್ಲಿ ಜಾಗವಿಲ್ಲ. ಯಾವ ಯಾವ ಶುಕ್ರವಾರ, ಯಾರು ಯಾರು ಇದ್ದರು, ಎಲ್ಲ ಬರೆದಿತ್ತು. ಕೊನೆಯಲ್ಲಿ, ನಮಗೆ ಬೇಕಾದದ್ದು: ಊಟ ಬೇಕು, ಆಟವೂ ಬೇಕು.

ಹೆಡ್‌ಮಾಸ್ಟರು ಅದನ್ನು ಓದಿ ಒಮ್ಮೆ ಕಪ್ಪುಗಳ ಕಡೆ ನೋಡಿದರು. ಆದರೆ ಏನು ಮಾಡುತ್ತಾರೆ? ಚೀಟಿ ಕೊಟ್ಟಾಗಿದೆ. ರಿಜಿಸ್ಟರಿನಲ್ಲಿ ಸಂಖ್ಯೆ ಬಿದ್ದಿದೆ. ಒಬ್ಬಳ ಮೇಲಿನ ದೂರನ್ನು ಕೇಳಿದ ಮೇಜು ಇನ್ನೊಬ್ಬನ ಮೇಲಿನ ದೂರನ್ನೂ ಕೇಳಲೇಬೇಕು. ಅದೇ ಮೂವರು ಬಂದು ಕೂತರು. ತರಬೇತುದಾರ ಹುಡುಗಿಯರ ಮೇಲೆ ಏನೇನೋ ಹೇಳಿದ, ಸೋಮಾರಿಗಳು, ಸುಳ್ಳಿಯರು ಎಂದ. ಯಾವತ್ತು, ಯಾರ ಎದುರು ಎಂದು ಸಮಿತಿ ಕೇಳಿತು. ಅವನ ಬಳಿ ದಿನವೂ ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ. ಕೆಲಸದಿಂದ ಹೋದ. ಅವತ್ತಿನ ರಾತ್ರಿ ಹಾಸ್ಟೆಲಿನಲ್ಲಿ ಐವರೂ ಊಟ ಮಾಡಿದರು. ಎರಡೆರಡು ಸಲ ಅನ್ನ ಹಾಕಿಸಿಕೊಂಡರಂತೆ.

ಸಮಾಲೋಚಕಿಯ ಕೆಲಸ ಹೋಯಿತೇ ಅಂತ ಕೇಳುತ್ತೀಯೇನೋ. ಅಲ್ಲೊಂದು ಮಜಾ ಇದೆ. ಶಿಕ್ಷೆ ಆರು ತಿಂಗಳದು, ಶುರುವಾದದ್ದು ಫೆಬ್ರವರಿಯಲ್ಲಿ. ಜೂನ್ ಬಂದಾಗ ಅದು ಮುಗಿದಿರಲಿಲ್ಲ. ಶಿಕ್ಷೆ ಮುಗಿಯದವಳನ್ನು ಮನೆಗೆ ಕಳಿಸಿದರೆ ಸಮಿತಿಗೆ ಏನೆಂದು ಉತ್ತರ ಬರೆಯುವುದು? ಹೆಡ್‌ಮಾಸ್ಟರು ಗೊಣಗುತ್ತಾ ಮರುನೇಮಕಕ್ಕೆ ಸಹಿ ಹಾಕಿದರು. ಮುಂದಿನ ಜೂನ್‌ನಲ್ಲಿ ಗೊಣಗದೆ ಹಾಕಿದರು.

ಅದಿರಲಿ. ತರಬೇತುದಾರ ಹೋದ ವಾರವೇ ಹುಡುಗಿ ಸಮಾಲೋಚಕಿಯ ಕೋಣೆಗೆ ಬಂದಳು. ಈಗ ಮಾತಾಡಲು ಅಡ್ಡಿಯಿರಲಿಲ್ಲ.

ಸಮಾಲೋಚಕಿ ಕೇಳಿದಳು: "ಅವನ ಮೇಲೆ ಮೊದಲೇ ಬರೀಬಹುದಿತ್ತಲ್ಲ ಮಗು? ನನ್ನ ಮೇಲೆ ಬರೆಯೋದಕ್ಕಿಂತ ಮೊದಲು?"

ಹುಡುಗಿ ಹೇಳಿದಳು: "ನಿಮ್ಮ ಮೇಲೆ ಸಿಟ್ಟೂ ಇತ್ತು ಮಿಸ್. ಆದ್ರೆ ದೂರು ಕೊಟ್ಟವರನ್ನ ಇಲ್ಲಿ ಏನ್ ಮಾಡ್ತಾರೆ ಅಂತ ಮೊದಲು ನೋಡ್ಬೇಕಿತ್ತು. ನೀವಾದ್ರೆ ನನಗೆ ಏನೂ ಮಾಡಲ್ಲ ಅಂತ ಗೊತ್ತಿತ್ತು."

ಮೇಷ್ಟ್ರು ಕತೆ ನಿಲ್ಲಿಸಿದರು.

"ಈಗ 'ಆದರೆ' ಅನ್ನಬಹುದೇ ಗುರುಗಳೇ?"

"ಅನ್ನು."

"ಆಕೆಯ ಮೇಲಿನ ದೂರು ನಿಜವಾಗಿತ್ತು. ನನ್ನ ಮೇಲಿನದು ಅರ್ಧ ಸುಳ್ಳು. ಗಡಿಯಾರ ನೋಡಿದ್ದು ಹೌದು, ಒಪ್ಪುತ್ತೇನೆ. ಆದರೆ ನಾನು ನಗಲಿಲ್ಲ. ದೇವರಾಣೆ ನಗಲಿಲ್ಲ."

"ನಗಲಿಲ್ಲ ಎಂದು ಬರಿ. ಗಡಿಯಾರ ನೋಡಿದೆ ಎಂದೂ ಬರಿ. ಅದಕ್ಕೆ ಎರಡು ಸಾಲು ಸಾಕು, ಉಳಿದದ್ದನ್ನು ಸಮಿತಿ ನೋಡಿಕೊಳ್ಳುತ್ತದೆ."

"ಅಷ್ಟಕ್ಕೇ ಬಿಟ್ಟರೆ ನನ್ನ ಗತಿ ಏನು ಗುರುಗಳೇ? ನನ್ನನ್ನೇ ಯಾಕೆ ಹಿಡಿದ ಆ ಹುಡುಗ? ಆ ಶಾಲೆಯಲ್ಲಿ ಅವನಿಗೆ ಒಳ್ಳೆಯದು ಮಾಡಿದವನು ನಾನೊಬ್ಬನೇ!"

ಮೇಷ್ಟ್ರು ಅವನ ಮುಖ ನೋಡಿದರು. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಮುಂದೆ ಯಾರ ಮೇಲೆ ಬರೆಯಬೇಕು ಅಂದುಕೊಂಡು ಅವನು ನಿನ್ನಿಂದ ಶುರುಮಾಡಿದ್ದಾನೆ, ಪಂಪಾಪತಿ?"